ಪದ ಪರಿಚಯ: ವ್ಯಾಯಾಮ ಶರೀರಕ್ರಿಯಾ ವಿಜ್ಞಾನ

‘ವ್ಯಾಯಾಮ’ದೊಳಗೆ ‘ಆಯಾಮ’ ಇದೆ. ಚಾಚುವುದು, ಹಿಗ್ಗಿಸುವುದು ಎಂದು ಸಂಸ್ಕೃತದ ಮೂಲಾರ್ಥ. ಶರೀರಕ್ರಿಯೆ ಎಂದರೆ ದೇಹ ಕೆಲಸ ಮಾಡುವ ಬಗೆ. ಮೈಗೆ ದುಡಿಮೆ ಕೊಟ್ಟಾಗ ಹೃದಯ, ಉಸಿರು, ಸ್ನಾಯು, ಮೂಳೆಗಳಲ್ಲಿ ಏನಾಗುತ್ತದೆ, ದುಡಿಮೆ ತಪ್ಪಿದರೆ ಏನಾಗುತ್ತದೆ ಎಂದು ಅಳೆದು ನೋಡುವ ವಿದ್ಯೆ ಇದು. ಇಂಗ್ಲಿಷಿನವರ ಎಕ್ಸರ್‌ಸೈಜ್ ಫಿಸಿಯಾಲಜಿ. ಆಟಗಾರರಿಗೆ ಮಾತ್ರ ಬೇಕಾದದ್ದು ಎಂದುಕೊಂಡಿದ್ದೆ, ಮದ್ದೂರಿನ ಹತ್ತಿರ ಕಾರು ಮಗುಚಿ ನಮ್ಮ ಸೋದರಮಾವನ ತೊಡೆಮೂಳೆ ಮುರಿಯುವ ತನಕ.

ರಾಡು ಹಾಕಿ ಮಂಡ್ಯದ ಮನೆಗೆ ಕಳಿಸಿದರು. ನೋಡಲು ಬಂದ ಹಿರಿಯರೆಲ್ಲ ಹೇಳಿದ್ದು ಒಂದೇ: “ಅಲ್ಲಾಡ್ಬೇಡ ಕಣಪ್ಪ, ಮೂಳೆ ಕೂಡ್ಕಳ್ಳಿ.” ಪ್ರೀತಿಯ ಮಾತೇ. ಆದರೆ ಆರು ವಾರದಲ್ಲಿ ಆ ತೊಡೆ ಕಬ್ಬಿನ ಜಲ್ಲೆಯ ಹಾಗೆ ಸೊರಗಿತು. ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಮುರಿದದ್ದು ತೊಡೆ, ಉಸಿರು ಯಾಕೆ ಸೋತಿತು?

1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ 5 ಜನ ಆರೋಗ್ಯವಂತ ತರುಣರನ್ನು 3 ವಾರ ಮಂಚ ಬಿಟ್ಟೇಳದಂತೆ ಮಲಗಿಸಿದರು. ಅವರ ದೇಹ ಆಮ್ಲಜನಕ ಬಳಸುವ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. 30 ವರ್ಷದ ಮೇಲೆ ಅದೇ ಐವರನ್ನು ಮತ್ತೆ ಅಳೆದರು: ಮೂರು ದಶಕದ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಮಲಗುವಿಕೆ ಮಾಡಿದ್ದೇ ಹೆಚ್ಚಾಗಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಿಶ್ರಾಂತಿಯೂ ಔಷಧದಂತೆ, ಅಳತೆ ಮೀರಿದರೆ ಕೆಡುಕು.

ದುಡಿಮೆಗೂ ಅಳತೆಯುಂಟು. ಹೊರೆ ಬಿದ್ದ ಕಡೆ ಮೂಳೆ ಗಟ್ಟಿಯಾಗುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಆ ಹೊರೆಯನ್ನು ಮೆಲ್ಲಮೆಲ್ಲಗೆ ಏರಿಸಬೇಕು. ಮೈಸೂರಿನ ಗರಡಿಮನೆಗಳಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ನೂರು ಬಸ್ಕಿ ಹೊಡೆಸುತ್ತಾರೆಯೇ? ಅದೇ ಲೆಕ್ಕ ಇಲ್ಲೂ. ಮಾವನಿಗೆ ಫಿಸಿಯೋಥೆರಪಿಯವರು ಮೊದಲು ಹೇಳಿಕೊಟ್ಟದ್ದು ಇಷ್ಟೇ: ಮಂಡಿಯ ಕೆಳಗೆ ಸುತ್ತಿದ ಟವೆಲ್ಲಿಟ್ಟು ಒತ್ತಿ, ಐದು ಎಣಿಸಿ ಬಿಡುವುದು. ಕಾಲು ಕದಲುವುದಿಲ್ಲ, ತೊಡೆಯ ಸ್ನಾಯು ಮಾತ್ರ ಬಿಗಿಯುತ್ತದೆ. ಆಮೇಲೆ ವಾಕರ್, ಆಮೇಲೆ ಕೋಲು. ಕಾಲಿನ ಮೇಲೆ ಯಾವಾಗ ಎಷ್ಟು ಭಾರ ಬಿಡಬೇಕೆಂಬುದನ್ನು ಆಪರೇಷನ್ ಮಾಡಿದ ಡಾಕ್ಟರೇ ಎಕ್ಸ್‌ರೇ ನೋಡಿ ಹೇಳಬೇಕು, ಅದರಲ್ಲಿ ಸ್ವಂತ ಬುದ್ಧಿ ಬೇಡ.

ಆಯಾಸ ಅಳೆಯಲು ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ 6ರಿಂದ 20ರ ಪಟ್ಟಿಯಿದೆ. 13 ಎಂದರೆ ‘ಸ್ವಲ್ಪ ಕಷ್ಟ’. ಮನೆಯಲ್ಲಿ ಇನ್ನೂ ಸುಲಭದ ಪರೀಕ್ಷೆ: ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾನೂ ಮಾವನೂ ಹೀಗೇ ಮಾತಾಡಿಕೊಂಡು ನಡೆದೆವು.

ಈಗ ಅವರು ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿಯವರೆಗೆ ಹತ್ತುತ್ತಾರೆ. ಇಳಿಯುವುದು ಮಾತ್ರ ನನ್ನ ಸ್ಕೂಟರಿನಲ್ಲಿ. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ತಡೆಹಿಡಿಯುತ್ತಲೇ ಉದ್ದವಾಗಬೇಕಾಗುತ್ತದೆ. ಉಸಿರಿಗೆ ಹಗುರ ಎನಿಸಿದರೂ ಮಾರನೆಯ ದಿನದ ನೋವು ಹತ್ತಿದ್ದಕ್ಕಿಂತ ಇಳಿದದ್ದರಿಂದಲೇ ಹೆಚ್ಚು.