ಕೊಕ್ಕು ಕತ್ತರಿಸೋದು ಅರ್ಧ ಗಂಟೆ, ಆಮೇಲಿನ ಕೆಲಸ ಒಂದು ವರ್ಷ

ಆಮೆಗೆ ಹಲ್ಲಿಲ್ಲ, ಕೊಕ್ಕು ಇದೆ. ದವಡೆಯ ಮೂಳೆಯ ಮೇಲೆ ಕೂತಿರುವ ಕೆರಾಟಿನ್ ಕವಚ ಅದು. ನಮ್ಮ ಉಗುರು, ದನದ ಕೊಂಬಿನ ಹೊರಪದರ ಎಲ್ಲ ಇದೇ ಕೆರಾಟಿನ್. ಆಮೆ ಬದುಕಿರುವ ತನಕ ಅದು ಬೆಳೆಯುತ್ತಲೇ ಇರುತ್ತದೆ. ಬಯಲಲ್ಲಿರುವ ಆಮೆ ದಿನವಿಡೀ ಒರಟು ಹುಲ್ಲು ಹರಿಯುತ್ತದೆ, ಮೂತಿ ಮಣ್ಣಿಗೆ ಕಲ್ಲಿಗೆ ತಾಗುತ್ತದೆ, ಬೆಳೆದದ್ದು ಬೆಳೆದ ಹಾಗೇ ಸವೆಯುತ್ತದೆ. ಟೈಲ್ಸ್ ನೆಲದ ಮೇಲೆ, ಸ್ಟೀಲ್ ತಟ್ಟೆಯಲ್ಲಿ, ಸಣ್ಣಗೆ ಹೆಚ್ಚಿದ ಸೌತೆಕಾಯಿ ತಿನ್ನುವ ಆಮೆಯ ಕೊಕ್ಕು ಸವೆಯಬೇಕಾದರೂ ಹೇಗೆ?

ಕೊಕ್ಕಿನ ತೊಂದರೆಗೆ ನನ್ನ ಕ್ಲಿನಿಕ್‌ಗೆ ಬರುವ ಆಮೆಗಳಲ್ಲಿ ಸುಲ್ಕಾಟಾಗಳೇ ಜಾಸ್ತಿ. ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣ ಅಂಚಿಗಿರುವ ಸಾಹೆಲ್ ಪ್ರದೇಶದ ಪ್ರಾಣಿ. ಗಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ಅಂಗಡಿಯಲ್ಲಿ ಅಂಗೈಯಲ್ಲಿ ಕೂರುವಷ್ಟಿರುತ್ತದೆ. ಮುಂದೆ 40 ಕೆಜಿ ದಾಟಬಹುದು ಅಂತ ಮಾರುವವರು ಹೇಳಲ್ಲ, ಕೊಳ್ಳುವವರು ಕೇಳಲ್ಲ. ಒಣ ಹುಲ್ಲು ತಿಂದು ಅರಗಿಸಿಕೊಳ್ಳೋಕೆ ಹುಟ್ಟಿದ ಹೊಟ್ಟೆ ಅದರದ್ದು. ಬೆಂಗಳೂರಿನ ಫ್ಲಾಟಿನಲ್ಲಿ ಅದಕ್ಕೆ ಸಿಗುವುದು ಟೊಮೆಟೊ, ಬಾಳೆಹಣ್ಣು, ಕೆಲವೊಮ್ಮೆ ಮೊಸರನ್ನ.

ಕೊಕ್ಕು ಬೆಳೆದಿದೆ ಅಂತ ಹೇಳಿಕೊಂಡು ಬರುವವರು ಕಡಿಮೆ. "ಡಾಕ್ಟ್ರೇ, ಒಂದು ವಾರದಿಂದ ಊಟ ಬಿಟ್ಟಿದೆ" ಅಂತಲೇ ಮಾತು ಶುರು. ನಾನು ಆಗಲೇ ಆಮೆಯನ್ನು ಎತ್ತಿಕೊಳ್ಳುವುದಿಲ್ಲ. ಮೇಜಿನ ಮೇಲೆ ಬಿಟ್ಟು, ಒಂದು ದಾಸವಾಳದ ಎಲೆ ಮುಂದಿಟ್ಟು, ಸುಮ್ನೆ ನೋಡುತ್ತೇನೆ. ಚೆನ್ನಾಗಿರುವ ಆಮೆ ಕತ್ತು ಚಾಚಿ ಎಲೆ ಕಚ್ಚುತ್ತದೆ, ಮುಂಗಾಲಲ್ಲಿ ಒತ್ತಿ ಹಿಡಿಯುತ್ತದೆ, ತಲೆ ಹಿಂದಕ್ಕೆಳೆದು ಹರಿಯುತ್ತದೆ. ಕೊಕ್ಕು ಬೆಳೆದ ಆಮೆಯೂ ಕತ್ತು ಚಾಚುತ್ತದೆ, ಬಾಯಿ ತೆರೆಯುತ್ತದೆ. ಆದರೆ ಮೇಲಿನ ಕೊಕ್ಕಿನ ತುದಿ ಮೊದಲು ಮೇಜಿಗೆ ಟಕ್ ಅಂತ ಬಡಿಯುತ್ತದೆ. ಎಲೆ ಇದ್ದಲ್ಲೇ ಇರುತ್ತದೆ. ಇನ್ನೊಂದು ಸಲ. ಮತ್ತೊಂದು ಸಲ. ನಾಲ್ಕೈದು ಸಲ ಆದಮೇಲೆ ತಲೆ ಒಳಗೆಳೆದುಕೊಂಡು ಕೂತುಬಿಡುತ್ತದೆ. ಇದಕ್ಕೆ ಹಸಿವಿಲ್ಲ ಅಂದರೆ ನಂಬೋದು ಹೇಗೆ?

ಮೇಲಿನ ಕೊಕ್ಕು ಕೆಳಗಿನದನ್ನು ಸ್ವಲ್ಪ ಮುಚ್ಚಿಕೊಂಡಿರುವುದು ಸಹಜ. ಅದಕ್ಕೆ ಗಾಬರಿ ಬೇಡ. ಬದಿಯಿಂದ ನೋಡಿದಾಗ ತುದಿ ಗಲ್ಲದ ಕೆಳಗೆ ಇಳಿದಿದ್ದರೆ, ಕೆಳಗಿನ ದವಡೆ ಮುಂದಕ್ಕೆ ಚಾಚಿದ್ದರೆ, ಬಾಯಿ ಮುಚ್ಚಿದಾಗಲೂ ಒಂದು ಬದಿಯಲ್ಲಿ ಸಂದು ಕಾಣುತ್ತಿದ್ದರೆ ತೋರಿಸಿ.

ಇಷ್ಟಕ್ಕೆಲ್ಲ ಮೆತ್ತನೆಯ ತಿಂಡಿಯೊಂದೇ ಕಾರಣ ಅಂದುಕೊಂಡರೆ ಅರ್ಧ ಮಾತ್ರ ಹಿಡಿದ ಹಾಗೆ. ಇನ್ನರ್ಧ ಮೂಳೆಯಲ್ಲಿದೆ. ಕ್ಯಾಲ್ಸಿಯಂ ಸಾಲದೆ, ವಿಟಮಿನ್ ಡಿ3 ಸಿಗದೆ ಬೆಳೆದ ಮರಿಯ ದವಡೆ ಮೂಳೆ ಮೆತ್ತಗಾಗುತ್ತದೆ. ಕಚ್ಚುವಾಗ ಬೀಳುವ ಎಳೆತಕ್ಕೆ ನಿಧಾನವಾಗಿ ಬಾಗುತ್ತದೆ. ಮೇಲಿನ ದವಡೆಯೂ ಕೆಳಗಿನದೂ ಒಂದಕ್ಕೊಂದು ಕೂರುವುದಿಲ್ಲ. ಕೂರದಿದ್ದರೆ ಉಜ್ಜಾಟ ಇಲ್ಲ, ಉಜ್ಜಾಟ ಇಲ್ಲದಿದ್ದರೆ ಸವೆತ ಇಲ್ಲ. ಹಾಗಾಗಿ ಕೊಕ್ಕು ಬೆಳೆದ ಆಮೆಗೆ ಎಕ್ಸ್‌ರೇ ಬರೆದುಕೊಟ್ಟರೆ ಬಿಲ್ ಜಾಸ್ತಿ ಮಾಡೋಕೆ ಅಂದುಕೊಳ್ಳಬೇಡಿ. ಮೂಳೆಯ ಸ್ಥಿತಿ ಗೊತ್ತಿಲ್ಲದೆ ದವಡೆ ಹಿಡಿದರೆ ನಮ್ಮ ಕೈಯಲ್ಲೇ ಮುರಿಯಬಹುದು. ಬೆಳೆದ ಆಮೆಗಳಲ್ಲಿ ಅಪರೂಪಕ್ಕೆ ಲಿವರ್ ತೊಂದರೆಯೂ ಕೊಕ್ಕಿನಲ್ಲಿ ಕಾಣಿಸುತ್ತದೆ. ಅನುಮಾನ ಬಂದರೆ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ಹೀಗೇ ಬಂದ ಒಂದು ಸುಲ್ಕಾಟಾದ ಚಿಪ್ಪು ಗುಡ್ಡ ಗುಡ್ಡವಾಗಿ ಎದ್ದಿತ್ತು, ಹಿಂಗಾಲು ಎಳೆದುಕೊಂಡು ನಡೆಯುತ್ತಿತ್ತು. ಕೊಕ್ಕಿನ ಬಗ್ಗೆ ಹೇಳುವುದೇ ಬೇಡ. "ಬಿಸಿಲು ಬೇಕಾದಷ್ಟು ಸಿಗುತ್ತೆ ಡಾಕ್ಟ್ರೇ, ಬೆಳಗಿನಿಂದ ಮಧ್ಯಾಹ್ನದವರೆಗೆ ಕಿಟಕಿ ಪಕ್ಕದಲ್ಲೇ ಇರುತ್ತೆ" ಅಂದರು ಆ ಮನೆಯ ಅಮ್ಮ. ಕಿಟಕಿ ತೆರೆದಿರುತ್ತಾ ಅಂತ ಕೇಳಿದೆ. "ಅಯ್ಯೋ ಇಲ್ಲ, ಪಾರಿವಾಳ ಬರ್ತಾವೆ, ಗಾಜು ಹಾಕೇ ಇರುತ್ತೆ." ಅಲ್ಲೇ ಇದ್ದದ್ದು ತೊಂದರೆ. ಚರ್ಮದಲ್ಲಿ ಡಿ3 ತಯಾರಾಗಲು ಬೇಕಾದ ಯುವಿ-ಬಿ ಕಿರಣವನ್ನು ಕಿಟಕಿ ಗಾಜು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಆಮೆಗೆ ಸಿಕ್ಕಿದ್ದು ಬೆಳಕು ಮತ್ತು ಶಾಖ ಅಷ್ಟೇ. ಆ ಅಮ್ಮ ಪ್ರೀತಿಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಗಾಜಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಕತ್ತರಿಸುವ ವಿಚಾರ. ಮನೆಯಲ್ಲಿ ನೇಲ್ ಕಟರ್ ಹಿಡಿಯಬೇಡಿ. ಕೆರಾಟಿನ್ ಪದರ ಪದರವಾಗಿರುತ್ತದೆ. ಎರಡು ಬದಿಯಿಂದ ಒತ್ತಿದರೆ ನೀವು ಅಂದುಕೊಂಡ ಜಾಗದಲ್ಲಿ ತುಂಡಾಗುವ ಬದಲು ಉದ್ದಕ್ಕೆ ಸೀಳಿಕೊಂಡು ಮೇಲಕ್ಕೆ ಹೋಗುತ್ತದೆ. ಬುಡದಲ್ಲಿ ರಕ್ತನಾಳ, ನರ ಎಲ್ಲ ಇವೆ. ಹಾಗೆ ಸೀಳಿದ ಕೊಕ್ಕಿಗೆ ಸೂಪರ್ ಗ್ಲೂ ಹಾಕಿಕೊಂಡು ಬಂದವರಿದ್ದಾರೆ. ಒಳಗಿನ ಕೊಳೆ, ತಿಂಡಿಯ ಚೂರು ಎಲ್ಲ ಸೇರಿಸಿ ಸೀಲ್ ಮಾಡಿದ ಹಾಗೆ ಅದು. ಒಂದು ವಾರದಲ್ಲಿ ಕೀವು.

ನಾವು ಬಳಸುವುದು ಡ್ರೆಮೆಲ್ ಥರದ ತಿರುಗುವ ಸಣ್ಣ ಉಜ್ಜುವ ಮೆಷಿನ್. ಚಿಕ್ಕ ಆಮೆಯಾದರೆ ಸಹಾಯಕರು ದವಡೆಯ ಹಿಂದೆ ಎರಡು ಬೆರಳಿಟ್ಟು ತಲೆ ಹಿಡಿಯುತ್ತಾರೆ. ಹತ್ತಿಪ್ಪತ್ತು ಕೆಜಿಯ ಸುಲ್ಕಾಟಾ ತಲೆ ಒಳಗೆಳೆದು ಮುಂಗಾಲು ಅಡ್ಡ ಇಟ್ಟಿತು ಅಂದರೆ ಎಳೆದು ತೆಗೆಯುವ ಮಾತೇ ಇಲ್ಲ. ಮಂಪರಿನ ಇಂಜೆಕ್ಷನ್ ಬೇಕು. ಅದಕ್ಕೂ ಮೊದಲು ಆಮೆಯ ಮೈ ಬೆಚ್ಚಗಿರಬೇಕು, ತಣ್ಣಗಿರುವ ಆಮೆ ಮಂಪರಿನಿಂದ ಎದ್ದೇಳಲು ತುಂಬ ಹೊತ್ತು ಹಿಡಿಯುತ್ತದೆ. ಕೊಕ್ಕಿನ ಹಿಂದೆ ಟಾರ್ಚ್ ಹಿಡಿದರೆ ತೆಳು ಜಾಗ ಹಳದಿಯಾಗಿ, ಜೀವ ಇರುವ ಜಾಗ ಗುಲಾಬಿಯಾಗಿ ಕಾಣುತ್ತದೆ. ಆ ಗುಲಾಬಿಗೆ ಹೋಗಬಾರದು. ಕೆಳಗಿನ ದವಡೆಗೆ ಆಸರೆ ಕೊಟ್ಟುಕೊಂಡು, ಮೆಷಿನ್ ಒಂದೇ ಕಡೆ ನಿಲ್ಲಿಸದೆ, ಎರಡೆರಡು ಸೆಕೆಂಡು ತಾಗಿಸಿ ತೆಗೆಯುತ್ತಾ, ಮಧ್ಯೆ ಒದ್ದೆ ಹತ್ತಿ ಒತ್ತಬೇಕು. ನಿಲ್ಲಿಸಿದರೆ ಬಿಸಿ ಏರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ, ಬಿಳಿ ಪುಡಿ ಹಾರುತ್ತದೆ. ಕನ್ನಡಕ, ಮಾಸ್ಕ್ ನಮಗೆ, ಕಣ್ಣಿಗೆ ಮುಲಾಮು ಆಮೆಗೆ. ಎಲ್ಲ ನುಣ್ಣಗೆ ಮಾಡಿಬಿಟ್ಟರೂ ಕಷ್ಟ. ಬದಿಯ ಅಂಚು ಚೂಪಾಗಿ ಉಳಿಯದಿದ್ದರೆ ಹುಲ್ಲು ಹರಿಯೋಕಾಗಲ್ಲ. ತೀರಾ ಬೆಳೆದಿದ್ದರೆ ಒಂದೇ ದಿನ ಮುಗಿಸುವುದಿಲ್ಲ, ಕೆಲವು ವಾರ ಬಿಟ್ಟು ಇನ್ನೊಮ್ಮೆ.

"ಹಾಗೇ ಒಂದು ವಿಟಮಿನ್ ಇಂಜೆಕ್ಷನ್ ಹಾಕಿಬಿಡಿ" ಅಂತ ಕೇಳುವವರಿಗೆ ಒಂದು ಮಾತು. ಹಸಿರು ತಿನ್ನುವ ಆಮೆಗೆ ವಿಟಮಿನ್ ಎ ಕೊರತೆ ಬರುವುದು ಅಪರೂಪ. ಸುಮ್ಮನೆ ಚುಚ್ಚಿ ಪ್ರಮಾಣ ಹೆಚ್ಚಾದರೆ ಚರ್ಮ ಸುಲಿದು ಬರುತ್ತದೆ.

ಮುರಿದ ಕೊಕ್ಕಿನ ಕಥೆ ಬೇರೆ. ಬಾಲ್ಕನಿಯಿಂದ ಬಿದ್ದದ್ದು, ನಾಯಿ ಕಚ್ಚಿದ್ದು, ಗೇಟಿಗೆ ಸಿಕ್ಕಿಕೊಂಡದ್ದು. ತುದಿಯಲ್ಲಿ ಒಂದು ಚೂರು ಹೋಗಿ ರಕ್ತ ಬಂದಿಲ್ಲದಿದ್ದರೆ ಬೆಳೆದು ಸರಿಹೋಗುತ್ತದೆ. ಬಿರುಕು ಚರ್ಮದವರೆಗೆ ಹೋಗಿದ್ದರೆ, ರಕ್ತ ಬಂದಿದ್ದರೆ, ದವಡೆ ಅಲ್ಲಾಡುತ್ತಿದ್ದರೆ ಅದೇ ದಿನ ಬನ್ನಿ. ಶುಭ್ರ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ಹಿಡಿದು, ರಟ್ಟಿನ ಡಬ್ಬದಲ್ಲಿ ಟವೆಲ್ ಹಾಸಿ ತನ್ನಿ. ಅರಿಶಿನ, ಕಾಫಿ ಪುಡಿ ತುಂಬಬೇಡಿ. ನಿಮ್ಮ ಮನೆಯ ನೋವಿನ ಮಾತ್ರೆಯಂತೂ ಬೇಡವೇ ಬೇಡ. ಎಕ್ಸ್‌ರೇ ನೋಡಿ, ಸ್ವಚ್ಛ ಮಾಡಿ, ಬೇಕಿದ್ದರೆ ಹಲ್ಲಿನ ಡಾಕ್ಟರ್‌ಗಳು ಬಳಸುವಂಥ ರೆಸಿನ್ನಿಂದ ಬಿರುಕು ಹಿಡಿದಿಡುತ್ತೇವೆ. ಬಾಯಿಗೆ ಪೂರ್ತಿ ವಿಶ್ರಾಂತಿ ಬೇಕಾದರೆ ಕತ್ತಿನ ಬದಿಯಿಂದ ಅನ್ನನಾಳಕ್ಕೆ ಟ್ಯೂಬ್ ಹಾಕಿ ಊಟ ಕೊಡುತ್ತೇವೆ. ನೋಡೋಕೆ ಕಷ್ಟ, ಆದರೆ ಆಮೆಗಳು ಅದನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತವೆ. ಕೊಕ್ಕು ಹುಟ್ಟುವ ಬುಡವೇ ಹೋಗಿದ್ದರೆ ಆ ಜಾಗ ಮೊದಲಿನಂತೆ ತುಂಬಿಕೊಳ್ಳುವುದಿಲ್ಲ. ಅದರ ಎದುರಿನ ಕೊಕ್ಕಿಗೆ ಉಜ್ಜಿಕೊಳ್ಳಲು ಜೊತೆ ಇಲ್ಲದೆ ಅದು ಬೆಳೆಯುತ್ತಲೇ ಹೋಗುತ್ತದೆ. ಅಂಥ ಆಮೆಗೆ ಕೆಲವು ತಿಂಗಳಿಗೊಮ್ಮೆ ಟ್ರಿಮ್ಮಿಂಗ್ ಜೀವನಪೂರ್ತಿ ಇದ್ದದ್ದೇ. ಮೊದಲ ದಿನವೇ ಇದನ್ನು ಹೇಳಿಬಿಡುತ್ತೇನೆ.

ಮನೆಗೆ ಹೋದಮೇಲೆ ಏನು ಅನ್ನೋದೇ ಮುಖ್ಯ. ಸುಲ್ಕಾಟಾದ ಊಟದಲ್ಲಿ ಹುಲ್ಲೇ ಹೆಚ್ಚು ಪಾಲು ಇರಬೇಕು. ಗರಿಕೆ ಎಲ್ಲ ಕಡೆ ಸಿಗುತ್ತದೆ, ಗಣಪತಿಗೆ ಕಟ್ಟಿಡುವ ಕಟ್ಟೇ ಸಾಕು, ತೊಳೆದು ಕೊಡಿ. ದಾಸವಾಳದ ಎಲೆ, ಹೂವು, ಹಿಪ್ಪುನೇರಳೆ ಸೊಪ್ಪು, ನುಗ್ಗೆ ಸೊಪ್ಪು ಒಳ್ಳೆಯದು, ಕ್ಯಾಲ್ಸಿಯಂ ಚೆನ್ನಾಗಿದೆ. ಹಿಪ್ಪುನೇರಳೆ ಯಾವ ತೋಟದ್ದು, ಔಷಧಿ ಹೊಡೆದಿದ್ದಾರಾ ಅಂತ ಕೇಳಿ ತನ್ನಿ. ಮುಳ್ಳು ತೆಗೆದ ಪಾಪಾಸುಕಳ್ಳಿ ಎಲೆ ಇಡಿಯಾಗಿ ಕೊಟ್ಟರೆ ಕಚ್ಚಿ ಕಚ್ಚಿ ತಿನ್ನುತ್ತದೆ, ಕೊಕ್ಕಿಗೆ ಒಳ್ಳೆಯ ಕೆಲಸ. ಪಾಲಕ್ ದಿನಾ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುತ್ತದೆ. ಅನ್ನ, ಬ್ರೆಡ್, ಹಾಲು, ನಾಯಿ ಫುಡ್ ಬಂದ್. ಕಣಗಿಲೆ ಗಿಡ ಇರುವ ತೋಟದಲ್ಲಿ ಬಿಡಲೇಬೇಡಿ, ಅದು ವಿಷ.

ಟ್ರಿಮ್ ಆದ ಮೊದಲ ಒಂದೆರಡು ವಾರ ಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ ಒದ್ದೆ ಮಾಡಿ ಕೊಡಿ. ಆಮೇಲೆ ದಿನೇ ದಿನೇ ಉದ್ದ ಹೆಚ್ಚಿಸಿ, ಕೊನೆಗೆ ಕತ್ತರಿಸುವುದನ್ನೇ ನಿಲ್ಲಿಸಿ. ತಟ್ಟೆಯ ಬದಲು ಒರಟು ಕಲ್ಲಿನ ಚಪ್ಪಡಿ ಇಡಿ. ತಿನ್ನುವಾಗಲೆಲ್ಲ ಕೊಕ್ಕು ಅದಕ್ಕೆ ಉಜ್ಜುತ್ತದೆ, ಕಾಸಿಲ್ಲದ ಔಷಧ. ಪಕ್ಷಿ ಅಂಗಡಿಯಲ್ಲಿ ಸಿಗುವ ಕಟಲ್‌ಬೋನ್ (ಕಟಲ್‌ಫಿಶ್ ಅನ್ನೋ ಸಮುದ್ರಜೀವಿಯ ಒಳಚಿಪ್ಪು, ಕ್ಯಾಲ್ಸಿಯಂ ತುಂಬಿರುತ್ತದೆ) ಒಂದು ಮೂಲೆಯಲ್ಲಿ ಬಿದ್ದಿರಲಿ, ಬೇಕೆನಿಸಿದಾಗ ಕಡಿಯುತ್ತದೆ. ಇಡ್ಲಿಗೆ ಒಗ್ಗಿದ ಆಮೆ ಹುಲ್ಲು ನೋಡಿ ಮುಖ ತಿರುಗಿಸುತ್ತದೆ, ಹಟ ಮಾಡುತ್ತದೆ. ಹಳೇ ತಿಂಡಿಯ ಜೊತೆ ಬೆರೆಸಿ ಸ್ವಲ್ಪ ಸ್ವಲ್ಪವೇ ಬದಲಿಸಿ. ಇಲ್ಲಿ ಸೋಲುವುದು ಆಮೆ ಅಲ್ಲ, ಮನೆಯ ಅಜ್ಜಿ. "ಪಾಪ, ಹಸ್ಕೊಂಡಿದೆ" ಅಂತ ಹಿಂದಿನಿಂದ ಬಾಳೆಹಣ್ಣು ಹಾಕಿಬಿಡುತ್ತಾರೆ.

ಬಿಸಿಲು ನೇರವಾಗಿ ಬೀಳಬೇಕು, ಪಕ್ಕದಲ್ಲೇ ನೆರಳೂ ಇರಬೇಕು. ಅದು ಆಗದಿದ್ದರೆ ಸರೀಸೃಪಗಳಿಗೆಂದೇ ಬರುವ ಯುವಿ-ಬಿ ಬಲ್ಬ್ ತನ್ನಿ. ಸಾಮಾನ್ಯ ಎಲ್‌ಇಡಿ, ಕೋಳಿಮರಿಗೆ ಹಾಕುವ ಬಲ್ಬ್ ಇದಕ್ಕೆ ಆಗುವುದಿಲ್ಲ. ಯುವಿ-ಬಿ ಬಲ್ಬ್ ಉರಿಯುತ್ತಲೇ ಇದ್ದರೂ ಅದರ ಕಿರಣ ದಿನ ಕಳೆದಂತೆ ಕುಗ್ಗುತ್ತದೆ, ವರ್ಷಕ್ಕೊಮ್ಮೆಯಾದರೂ ಬದಲಿಸಿ. ಬಿಸಿಲು ಕಾಯಿಸುವ ಜಾಗ 35 ಡಿಗ್ರಿ ದಾಟಿರಲಿ. ಡಿಸೆಂಬರಿನ ಬೆಂಗಳೂರು ರಾತ್ರಿ ಇದಕ್ಕೆ ತುಂಬ ಚಳಿ, ಒಳಗೆ ಬೆಚ್ಚಗಿನ ವ್ಯವಸ್ಥೆ ಬೇಕು. ವಾರಕ್ಕೆರಡು ಮೂರು ಸಲ ಉಗುರುಬೆಚ್ಚಗಿನ ನೀರಲ್ಲಿ, ಗಲ್ಲ ಮುಳುಗದಷ್ಟು ಆಳದಲ್ಲಿ, ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನು ನೀವೇ ತೊಳೆಸಿ. ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಆಮೆಗೆ ಏನೂ ಮಾಡದೆ ಅದರ ಹೊಟ್ಟೆಯಲ್ಲಿರುತ್ತದೆ, ಮಗುವಿಗೆ ಬಂದರೆ ಆಸ್ಪತ್ರೆ.

ಕಾನೂನಿನ ಮಾತು ಬೇಸರ ತರಿಸಿದರೂ ಹೇಳಬೇಕು. ನಮ್ಮದೇ ನಕ್ಷತ್ರ ಆಮೆಯನ್ನು "ಮನೆಗೆ ಅದೃಷ್ಟ" ಅಂತ ಸಾಕಿಕೊಂಡವರು ಕೊಕ್ಕಿನ ಫೋಟೋ ಕಳಿಸಿ ಗುಟ್ಟಾಗಿ ಸಲಹೆ ಕೇಳುತ್ತಾರೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಅದು ಒಂದನೇ ಶೆಡ್ಯೂಲ್‌ಗೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಗೆ ಸೇರಿದೆ. ಮನೆಯಲ್ಲಿ ಇಟ್ಟುಕೊಂಡರೆ ಜೈಲು. ಗಾಯ ಆಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೇ ದಾರಿ. ಯಾವುದೋ ಕೆರೆಯ ಹತ್ತಿರ ಬಿಟ್ಟು ಬರಬೇಡಿ, ಅದು ಒಣನೆಲದ ಆಮೆ, ಜೊತೆಗೆ ಕಚ್ಚಲಾರದ ಕೊಕ್ಕು. ಸುಲ್ಕಾಟಾ ಸಾಕುವುದಾದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಕಾಗದ ಇಲ್ಲದ ಆಮೆಯನ್ನು ಕಡಿಮೆ ಬೆಲೆಗೆ ಸಿಕ್ಕಿತು ಅಂತ ತರಬೇಡಿ.

ಇನ್ನು ಮುಂದಿನ ಭೇಟಿಗಳು. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಬರೆದಿಡಿ, ದೊಡ್ಡದಾದರೆ ನೀವು ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆಯಿರಿ. ತಿಂಗಳಿಗೊಮ್ಮೆ ಮುಖದ ಫೋಟೋ ಎರಡು, ಒಂದು ನೇರ ಎದುರಿನಿಂದ, ಒಂದು ಬದಿಯಿಂದ, ಬಾಯಿ ಮುಚ್ಚಿರುವಾಗ. ಮೂರನೇ ತಿಂಗಳು ಬರುವಾಗ ಎಲ್ಲವನ್ನೂ ಮೊಬೈಲಿನಲ್ಲಿ ತನ್ನಿ. ಆಮೆಗೆ ಬೆಳಿಗ್ಗೆ ಊಟ ಹಾಕದೇ ಕರೆದುಕೊಂಡು ಬನ್ನಿ, ಒಂದು ಹಿಡಿ ಗರಿಕೆ ಚೀಲದಲ್ಲಿರಲಿ. ಮೇಜಿನ ಮೇಲೆ ಹಾಕಿ ನೋಡಬೇಕು.