ಕಿತ್ತೂರಿಗೆ 24 ಬೈಟ್

ಬೆಳಗಾವಿಯ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ "ಹೊಸದಾಗಿ ಓಎಸ್ ಹಾಕಿಕೊಡ್ರಿ" ಅಂದರೆ ಹುಡುಗ ಪೆನ್‌ಡ್ರೈವ್ ಚುಚ್ಚುತ್ತಾನೆ, ನಾಲ್ಕೈದು ಸಲ ‘ನೆಕ್ಸ್ಟ್’ ಒತ್ತಿ ಚಹಾಕ್ಕೆ ಹೋಗುತ್ತಾನೆ. ಆ ‘ನೆಕ್ಸ್ಟ್’ ತೋರಿಸುವ ಇನ್‌ಸ್ಟಾಲರಿನ ಫಜೀತಿ ಮಾತ್ರ ದೊಡ್ಡದು. ಡಿಸ್ಕಿನಲ್ಲಿ ಓಎಸ್, ಅಂದರೆ ಯಂತ್ರ ನಡೆಸುವ ಮೂಲ ತಂತ್ರಾಂಶ, ಇನ್ನೂ ಇಲ್ಲ, ಆದರೂ ಅದು ಓಡಬೇಕು. ಕರ್ನಲ್ (ಓಎಸ್‌ನ ತಿರುಳು), ಡ್ರೈವರ್, ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್), ಫಾಂಟ್ ಎಲ್ಲವನ್ನೂ ಹೊತ್ತು ತಂದು ರ‍್ಯಾಮಿನಲ್ಲೇ ಬಿಚ್ಚಿಕೊಳ್ಳಬೇಕು.

ಜಾಗವೋ ಮೊದಲಿನಿಂದಲೂ ಬಿಗಿ. ಫ್ಲಾಪಿಗೆ 1.44 ಎಂಬಿ, ಸಿಡಿಗೆ 700. ಡೆಬಿಯನ್ ಎಂಬ ಉಚಿತ ಲಿನಕ್ಸ್ ಓಎಸ್‌ನ ಇನ್‌ಸ್ಟಾಲರನ್ನು ಒಂದೇ ಫ್ಲಾಪಿಯಲ್ಲಿ ಹಿಡಿಸಲೆಂದು ಬ್ರೂಸ್ ಪೆರೆನ್ಸ್ 1995ರಲ್ಲಿ ಬಿಝಿಬಾಕ್ಸ್ ಎಂಬ ಪ್ರೋಗ್ರಾಂ ಬರೆಯಲು ಕೂತರು. ಹತ್ತಾರು ಕಮಾಂಡ್‌ಗಳು ಒಂದೇ ಫೈಲಿನಲ್ಲಿ; ಎಲ್ಲಕ್ಕೂ ಬೇಕಾದ ಕೋಡ್ ಒಮ್ಮೆ ಮಾತ್ರ.

ಗ್ರಾಫಿಕ್ಸ್ ಬಂದ ಮೇಲೆ ಈ ಲೆಕ್ಕ ಕೆಟ್ಟಿತು. 1024×768 ಚುಕ್ಕಿಗಳ ಒಂದು ಪರದೆ, ಚುಕ್ಕಿಗೆ 4 ಬೈಟಿನಂತೆ, 3 ಎಂಬಿ ಆಗುತ್ತದೆ. ಎರಡು ಫ್ಲಾಪಿಯಲ್ಲೂ ಹಿಡಿಯದು. ಹಾಗಂತ ಚಿತ್ರಗಳೇ ದೊಡ್ಡ ತಲೆನೋವಲ್ಲ. ಹಿನ್ನೆಲೆಯ ಫೋಟೋ ಕಿತ್ತುಹಾಕಿ, ಬಣ್ಣವನ್ನು ಕೋಡಿನಿಂದಲೇ ಬಳಿದರೆ ಕೆಲವು ಸಾಲುಗಳಲ್ಲಿ ಕೆಲಸ ಮುಗಿಯಿತು. ನಿಜವಾಗಿ ಜಾಗ ತಿನ್ನುವುದು ಲೈಬ್ರರಿ ಮತ್ತು ಫಾಂಟು.

ಹಾಗಿದ್ದರೆ ಬರೀ ಅಕ್ಷರದ ಪರದೆಯೇ ಸಾಕಲ್ಲ? ಇಂಗ್ಲಿಷಿಗೆ ಸಾಕು. ಪಿಸಿಯ ಹಳೇ ಟೆಕ್ಸ್ಟ್ ಮೋಡಿನಲ್ಲಿ ಸಾಲಿಗೆ 80 ಅಕ್ಷರ, ಅಂಥ 25 ಸಾಲು. 256 ಅಕ್ಷರದ ಅಚ್ಚು, ಒಂದೊಂದಕ್ಕೆ 16 ಬೈಟ್. ಇಡೀ ಫಾಂಟು 4 ಕೆಬಿ. ಈಗ ಅಲ್ಲಿ ‘ಕಿತ್ತೂರು’ ಅಂತ ಬರೆದು ನೋಡಿ. ಕಣ್ಣಿಗೆ ಮೂರೇ ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕ, ಇಕಾರ, ತ, ಹಲಂತ, ತ, ಊಕಾರ, ರ, ಉಕಾರ ಅಂತ 8 ಸಂಕೇತ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ತಲಾ ಮೂರರಂತೆ 24 ಬೈಟ್. ಅದೇನು ಭಾರವಲ್ಲ ಬಿಡಿ. ಕಷ್ಟ ಇರುವುದು ಜೋಡಣೆಯಲ್ಲಿ. ಕ ಮತ್ತು ಇಕಾರ ಬೆರೆತು ಬೇರೆಯೇ ಆಕಾರ ತಾಳಬೇಕು. ಎರಡನೇ ತಕಾರ ಒತ್ತಾಗಿ ಕೆಳಗಿಳಿಯಬೇಕು. ಅದರ ನಂತರ ಬಂದ ಊಕಾರ ಮಾತ್ರ ಮೇಲೆಯೇ ಉಳಿದು ಮೊದಲ ತಕಾರಕ್ಕೆ ಅಂಟಬೇಕು. ಚೌಕಕ್ಕೊಂದು ಅಚ್ಚು ಕೂರಿಸುವ ಟೆಕ್ಸ್ಟ್ ಮೋಡಿಗೆ ಇದು ಆಗುವ ಮಾತಲ್ಲ. ಅಕ್ಷರ ಜೋಡಿಸಿಕೊಡುವ ಹಾರ್ಫ್‌ಬಜ್‌ನಂಥ ಲೈಬ್ರರಿ ಬೇಕು, ಯಾವ ಅಕ್ಷರಕ್ಕೆ ಯಾವ ಒತ್ತು ಎಂಬ ಕೋಷ್ಟಕ ಹೊತ್ತ ಫಾಂಟು ಬೇಕು. ಬೆಳಗಾವಿಯ ಬೋರ್ಡುಗಳಲ್ಲಿ ಕನ್ನಡದ ಪಕ್ಕ ಕಾಣುವ ಮರಾಠಿಗೂ ಇದೇ ಪಾಡು. ನಮಗೆ ಗ್ರಾಫಿಕ್ಸ್ ಶೋಕಿಯಲ್ಲ, ಓದಲಿಕ್ಕೇ ಬೇಕಾದದ್ದು.

2007ರ ಡೆಬಿಯನ್ 4.0ದಲ್ಲಿ ಗ್ರಾಫಿಕಲ್ ಇನ್‌ಸ್ಟಾಲರ್ ಬಂತು. ಅದರಲ್ಲಿ ಪ್ರಶ್ನೆ ಕೇಳುವ ಕೋಡ್ ಬೇರೆ, ತೋರಿಸುವ ಪರದೆ ಬೇರೆ. "ಡಿಸ್ಕನ್ನು ಹೇಗೆ ಪಾಲು ಮಾಡಲಿ?" ಎಂಬ ಒಂದೇ ಪ್ರಶ್ನೆ ಟೆಕ್ಸ್ಟ್ ಪರದೆಗೂ ಹೋಗುತ್ತದೆ, ಗ್ರಾಫಿಕ್ ಪರದೆಗೂ. ಎರಡೆರಡು ಇನ್‌ಸ್ಟಾಲರ್ ಬರೆಯುವ ಗೋಜಿಲ್ಲ. ಲಿನಕ್ಸಿನಲ್ಲಿ ಕಿಟಕಿ, ಚಿತ್ರ ತೋರಿಸುವ ಎಕ್ಸ್ ಸರ್ವರ್ ಎಂಬ ಭಾರವನ್ನೂ ಆಗ ಬಿಟ್ಟು, ಪರದೆಯ ಮೆಮೊರಿಗೇ ನೇರವಾಗಿ ಚಿತ್ರ ಬರೆದರು. ಈ ಕೆಲಸವೇ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಈಗ ಕನ್ನಡ, ಮರಾಠಿ ಎರಡೂ ಡೆಬಿಯನ್ ಇನ್‌ಸ್ಟಾಲರಿನ ಗ್ರಾಫಿಕಲ್ ರೂಪದಲ್ಲಿ ಮಾತ್ರ ಸಿಗುತ್ತವೆ.

ಈಗ ಪೆನ್‌ಡ್ರೈವಿನಲ್ಲಿ ಜಾಗಕ್ಕೆ ಬರವಿಲ್ಲ; ಬರ ಇರುವುದು ಹಳೇ ಯಂತ್ರಗಳ ರ‍್ಯಾಮಿಗೆ. ಅದು ತೀರಾ ಕಡಿಮೆಯಿದ್ದರೆ ಡೆಬಿಯನ್ ಇನ್‌ಸ್ಟಾಲರ್ ಅನುವಾದಗಳನ್ನು ಕೈಬಿಟ್ಟು ಇಂಗ್ಲಿಷಿನಲ್ಲೇ ಮುಂದುವರಿಯುತ್ತದೆ. ಎಂಜಿನಿಯರ್ ಲೆಕ್ಕದಲ್ಲಿ ಇದು ಸರಿಯೇ. ಆದರೆ ಅಂಥ ಹಳೇ ಮಷೀನು ಸಾಮಾನ್ಯವಾಗಿ ಹಳ್ಳಿ ಶಾಲೆಯ ಪಾಲಿಗೆ ಬರುತ್ತದೆ, ಇಂಗ್ಲಿಷಿನ ಪರದೆ ನೋಡಿ ಮೇಷ್ಟ್ರೂ ಹಿಂಜರಿಯುವ ಕಡೆ.