ಸಣ್ಣ ದೋಣಿಗೆ ಪುಟ್ಟ ಮೋಟಾರ್: ನೋಂದಣಿ ಬೇಕೆ, ಲೈಸೆನ್ಸ್ ಬೇಕೆ?

ಪ್ರಶ್ನೆ: ಇಷ್ಟು ದಿನ ಹುಟ್ಟು ಹಾಕಿಯೇ ನಡೆಸುತ್ತಿದ್ದ ಹನ್ನೆರಡು ಅಡಿಯ ದೋಣಿಯೊಂದಿದೆ. ಅದಕ್ಕೆ ಹಿಂಬದಿಯ ಹೊರಗೆ ಸಿಕ್ಕಿಸುವ ಚಿಕ್ಕದೊಂದು ಔಟ್‌ಬೋರ್ಡ್ ಮೋಟಾರ್ ಕೂರಿಸಬೇಕೆಂದಿದ್ದೇನೆ. ಇಷ್ಟಕ್ಕೂ ನೋಂದಣಿ, ಲೈಸೆನ್ಸ್ ಎಲ್ಲ ಮಾಡಿಸಬೇಕಾಗುತ್ತದೆಯೇ?

ಉತ್ತರ: ನೋಂದಣಿ ಬೇಕಾದೀತು ಎಂದುಕೊಂಡೇ ವಿಚಾರಿಸಲು ಹೊರಡಿ. ಲೈಸೆನ್ಸ್ ಬೇಕೋ ಬೇಡವೋ ಎಂಬುದು ಮೋಟಾರಿನ ಶಕ್ತಿ, ನೀವು ಇಳಿಯುವ ನೀರು, ದೋಣಿಯ ಬಳಕೆ ಇವುಗಳ ಮೇಲೆ ನಿಂತಿದೆ. ನೋಂದಣಿ ದೋಣಿಗೆ ಸೇರಿದ್ದು, ಲೈಸೆನ್ಸ್ ಅದನ್ನು ನಡೆಸುವವರಿಗೆ ಸೇರಿದ್ದು. ಒಂದು ಬೇಡವೆಂದು ಗೊತ್ತಾದ ಕೂಡಲೇ ಇನ್ನೊಂದೂ ಬೇಡವೆಂದು ಸುಮ್ಮನಾಗುವವರೇ ಹೆಚ್ಚು. ತೊಡಕು ಶುರುವಾಗುವುದು ಅಲ್ಲಿಂದಲೇ.

ಜರ್ಮನಿಯ ಒಳನಾಡು ಜಲಮಾರ್ಗಗಳನ್ನೇ ನೋಡಿ. ಅಲ್ಲಿ 15 ಎಚ್‌ಪಿವರೆಗಿನ ಪೆಟ್ರೋಲ್ ಎಂಜಿನ್ನಿನ ವಿಹಾರ ದೋಣಿ ನಡೆಸಲು ಸಾಮಾನ್ಯವಾಗಿ ಲೈಸೆನ್ಸ್ ಬೇಕಿಲ್ಲ. ಆದರೆ ಎಂಜಿನ್ 3 ಎಚ್‌ಪಿ ದಾಟಿತೆಂದರೆ ದೋಣಿಯ ಮೇಲೆ ನೋಂದಣಿಯ ಗುರುತಿನ ಸಂಖ್ಯೆ ಇರಲೇಬೇಕು. ಅಂದರೆ 8 ಎಚ್‌ಪಿ ದೋಣಿಗೆ ಸಂಖ್ಯೆ ಕಡ್ಡಾಯ, ನಡೆಸುವವರಿಗೆ ಲೈಸೆನ್ಸ್ ಬೇಡ. ಕೆನಡಾದಲ್ಲಿ ಇದು ತಿರುಗುಮುರುಗು. ನಿಮ್ಮದರಂಥ ಪುಟ್ಟ ವಿಹಾರ ದೋಣಿಯ ಮೋಟಾರ್ 10 ಎಚ್‌ಪಿಗಿಂತ ಕಡಿಮೆಯಿದ್ದರೆ ದೋಣಿಗೆ ಸಂಖ್ಯೆ ಕಡ್ಡಾಯವಲ್ಲ. ನಡೆಸುವವರ ಬಳಿ ಮಾತ್ರ, ಮೋಟಾರ್ ಎಷ್ಟೇ ಪುಟ್ಟದಿರಲಿ, ತಮಗೆ ದೋಣಿ ನಡೆಸುವ ತಿಳಿವಳಿಕೆ ಇದೆಯೆಂಬುದಕ್ಕೆ ಪುರಾವೆ ಇರಬೇಕು. ಹೆಚ್ಚಿನವರು ಪರೀಕ್ಷೆ ಬರೆದು ಪಡೆದ ಕಾರ್ಡನ್ನೇ ತೋರಿಸುತ್ತಾರೆ. ನಿಮ್ಮ ದೋಣಿಯನ್ನು ಈ ಎರಡು ದೇಶಗಳಲ್ಲಿ ಇಳಿಸಿದರೆ ಎರಡು ಬೇರೆ ಉತ್ತರ ಸಿಗುತ್ತವೆ.

ಒಂದೇ ದೇಶದೊಳಗೂ ನೀರು ಬದಲಾದರೆ ಮಿತಿ ಬದಲಾಗುತ್ತದೆ. ಜರ್ಮನಿಯ ಆ 15 ಎಚ್‌ಪಿ ಮಿತಿ ರೈನ್ ನದಿಗೆ ಬಂದರೆ 5ಕ್ಕೆ ಇಳಿಯುತ್ತದೆ; ಅಲ್ಲಿ ಸೆಳವೂ ಹೆಚ್ಚು, ಸರಕು ಹಡಗುಗಳ ಓಡಾಟವೂ ಹೆಚ್ಚು. ಹಾಗಾಗಿ ‘ಪಕ್ಕದವರು ಏನೂ ಮಾಡಿಸಿಲ್ಲ’ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಅವರು ಇಳಿಯುವ ನೀರು ಬೇರೆ ಇರಬಹುದು, ಮೋಟಾರ್ ಬೇರೆ ಇರಬಹುದು.

ಬ್ಯಾಟರಿ ಮೋಟಾರ್ ಹಾಕಿದರೆ ಇದ್ಯಾವುದೂ ಅನ್ವಯಿಸುವುದಿಲ್ಲ ಎಂಬ ನಂಬಿಕೆಯೂ ಬಲವಾಗಿದೆ. ಅದನ್ನು ಬಿಟ್ಟುಬಿಡಿ. ಅಮೆರಿಕದಲ್ಲಿ ಸಂಖ್ಯೆಯ ನಿಯಮ ಯಾವುದೇ ಬಗೆಯ ಚಾಲಕ ಯಂತ್ರವಿರುವ ದೋಣಿಗೆ ಅನ್ವಯಿಸುತ್ತದೆ. ಮೀನು ಹಿಡಿಯುವವರು ನಿಧಾನಕ್ಕೆ ಸರಿಯಲು ಬಳಸುವ ಪುಟ್ಟ ವಿದ್ಯುತ್ ಮೋಟಾರೂ ಅದರಲ್ಲಿ ಸೇರಿದೆ. ಭಾರತದ 2021ರ ಒಳನಾಡು ನೌಕೆಗಳ ಕಾಯ್ದೆಯೂ ಯಂತ್ರದಿಂದ ಚಲಿಸುವ ನೌಕೆಗಳನ್ನು ಉಳಿದವುಗಳಿಂದ ಬೇರೆಯಾಗಿಯೇ ಇಟ್ಟಿದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಇದರಲ್ಲಿ ಯಾಂತ್ರಿಕ ನೌಕೆಗೆ ಸರ್ವೆ ಪ್ರಮಾಣಪತ್ರ (ನೌಕೆಯನ್ನು ತಪಾಸಣೆ ಮಾಡಿ ಕೊಡುವ ಪತ್ರ) ಮತ್ತು ನೋಂದಣಿ ಎರಡೂ ಇವೆ, ಮತ್ತು ಒಂದು ರಾಜ್ಯದ ನೋಂದಣಿ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ. ಮೋಟಾರ್ ಕೂರಿಸುವುದೆಂದರೆ ಕಾನೂನಿನ ಕಣ್ಣಿಗೆ ದೋಣಿಯ ಜಾತಿಯೇ ಬದಲಾಗುವುದು. ಉದ್ದ ಅದೇ ಹನ್ನೆರಡು ಅಡಿ ಇದ್ದರೂ ಸರಿಯೇ.

ಎಲ್ಲಿ ಕೇಳಬೇಕು? ಆ ನೀರಿನ ಉಸ್ತುವಾರಿ ಯಾರದೋ ಅವರಲ್ಲಿ. ಸಮುದ್ರಕ್ಕೊಂದು ಕಚೇರಿ, ನದಿ ಕಾಲುವೆಗಳಿಗೆ ಇನ್ನೊಂದು, ಮೀನುಗಾರಿಕೆಗಾದರೆ ಮತ್ತೊಂದು ಇರುವುದೇ ಸಾಮಾನ್ಯ. ದೋಣಿಯನ್ನು ಬಾಡಿಗೆಗೆ ಬಿಡುವ, ದುಡ್ಡು ಪಡೆದು ಜನರನ್ನು ಸಾಗಿಸುವ ಯೋಚನೆ ಇದ್ದರೆ ಅದನ್ನು ಮೊದಲೇ ಹೇಳಿಬಿಡಿ. ಸ್ವಂತ ವಿಹಾರಕ್ಕೆ ಸಿಗುವ ವಿನಾಯಿತಿಗಳು ಆಗ ಉಳಿಯುವುದಿಲ್ಲ.

ಹೋಗುವಾಗ ಖರೀದಿ ರಸೀದಿ, ಮೋಟಾರಿನ ಸೀರಿಯಲ್ ನಂಬರ್, ದೋಣಿಯ ಒಡಲಿನ ಗುರುತು ಸಂಖ್ಯೆ ಬರೆದುಕೊಂಡು ಹೋಗಿ. ಕಾರ್ಖಾನೆಯಲ್ಲಿ ತಯಾರಾದ ದೋಣಿಗಳಲ್ಲಿ ಈ ಗುರುತು ಸಾಮಾನ್ಯವಾಗಿ ಹಿಂಬದಿಯ ಬಲತುದಿಯಲ್ಲಿ ಕೊರೆದಿರುತ್ತದೆ. ಕೈಯಲ್ಲಿ ಕಟ್ಟಿದ ದೋಣಿಗೆ ಅದಿರುವುದಿಲ್ಲ. ಪರಿಶೀಲನೆ ಮಾಡಿಸಿ ಹೊಸದಾಗಿ ಪಡೆಯಬೇಕಾಗಬಹುದು. ಮೋಟಾರ್ ಕೊಳ್ಳುವ ಮುನ್ನವೇ ನೋಡಬೇಕಾದ ಇನ್ನೊಂದು ವಿಷಯವಿದೆ. ಎಷ್ಟು ಜನ, ಎಷ್ಟು ಭಾರ, ಎಷ್ಟು ಎಚ್‌ಪಿ ಎಂದು ತಯಾರಕರು ಹಾಕಿದ ಪಟ್ಟಿ ದೋಣಿಯೊಳಗೆ ಇದೆಯೇ ಹುಡುಕಿ. ಹುಟ್ಟಿಗೆಂದು ಕಟ್ಟಿದ ದೋಣಿಯ ಹಿಂಬದಿಗೆ ಭಾರದ ಮೋಟಾರ್ ತೂಗಿಸಿದರೆ ಆ ತುದಿ ನೀರಿಗೆ ಕುಸಿಯುತ್ತದೆ, ಹಿಂದಿನಿಂದ ಬಂದ ಒಂದು ಅಲೆಗೇ ದೋಣಿ ತುಂಬಿಕೊಳ್ಳಬಹುದು. ನೋಂದಣಿಯ ಓಡಾಟಕ್ಕಿಂತ ನನಗೆ ಹೆಚ್ಚು ಆತಂಕ ಇದರ ಬಗ್ಗೆಯೇ.

ಸಂಖ್ಯೆ ಸಿಕ್ಕ ಮೇಲೆ ಅದನ್ನು ಓದುವಂತೆ ಬರೆಸಿ. ಅಮೆರಿಕದಲ್ಲಿ ದೋಣಿಯ ಮುಂದಿನ ಅರ್ಧಭಾಗದಲ್ಲಿ, ಎರಡೂ ಬದಿಗೆ, ಹಿನ್ನೆಲೆಯ ಬಣ್ಣಕ್ಕೆ ಎದ್ದು ಕಾಣುವಂತೆ ಕನಿಷ್ಠ 3 ಅಂಗುಲ ಎತ್ತರದ ಅಕ್ಷರಗಳಲ್ಲಿ ಇರಬೇಕು. ಖಾಲಿ ದೋಣಿಯೊಂದು ತೇಲುತ್ತಾ ಸಿಕ್ಕಾಗ ಅದು ಯಾರದು, ಯಾರನ್ನು ಹುಡುಕಬೇಕು ಎಂದು ರಕ್ಷಣಾ ತಂಡಕ್ಕೆ ಬೇಗ ತಿಳಿಯುವುದು ಆ ಸಂಖ್ಯೆಯಿಂದ. ಇದನ್ನು ಬರೀ ಶುಲ್ಕ ವಸೂಲಿಯ ದಾರಿ ಎಂದು ಗೊಣಗುವವರಿಗೆ ನಾನು ಕೊಡುವ ಉತ್ತರ ಇದೇ.

ಲೈಸೆನ್ಸ್ ಬೇಡವೆಂದು ಖಚಿತವಾದರೂ ಜಲಸಂಚಾರದ ನಿಯಮಗಳಿಂದ ಬಿಡುಗಡೆಯಿಲ್ಲ. ಸಮುದ್ರದಲ್ಲಿ ಡಿಕ್ಕಿ ತಡೆಯಲು 1972ರಲ್ಲಿ ರೂಪಿಸಿದ ಅಂತಾರಾಷ್ಟ್ರೀಯ ನಿಯಮಾವಳಿ ದೊಡ್ಡ ಹಡಗಿಗೂ ಚಿಕ್ಕ ದೋಣಿಗೂ ಅನ್ವಯಿಸುತ್ತದೆ. 7 ಮೀಟರಿಗಿಂತ ಚಿಕ್ಕದಾಗಿದ್ದು ಗರಿಷ್ಠ ವೇಗ 7 ನಾಟ್ (ಗಂಟೆಗೆ ಸುಮಾರು 13 ಕಿ.ಮೀ.) ಮೀರದ ಯಾಂತ್ರಿಕ ದೋಣಿಗೆ ಅದು ಕೊಡುವ ರಿಯಾಯಿತಿ ದೀಪಗಳದು: ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಒಂದು ಬಿಳಿ ದೀಪವಂತೂ ಇರಬೇಕು, ಸಾಧ್ಯವಿದ್ದರೆ ಎರಡೂ ಬದಿಯ ದೀಪಗಳೂ ಇರಬೇಕು. ದೀಪವೇ ಇಲ್ಲದೆ ಹೋಗಲು ಅದು ಅನುಮತಿಯಲ್ಲ.

ಮೋಟಾರಿನ ಜತೆ ಬರುವ ಕೆಂಪು ದಾರವನ್ನು ಬಿಚ್ಚಿ ಮೂಲೆಗೆ ಎಸೆಯಬೇಡಿ. ಅದನ್ನು ಮೈಗೆ ಸಿಕ್ಕಿಸಿಕೊಂಡಿದ್ದರೆ ನೀವು ನೀರಿಗೆ ಬಿದ್ದ ಕ್ಷಣವೇ ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಯಾರೂ ಹಿಡಿಯದ ದೋಣಿ ಸುತ್ತು ಹೊಡೆದು ಬಿದ್ದವರ ಮೇಲೆಯೇ ಬರಬಹುದು. ಅಮೆರಿಕ 2021ರ ಏಪ್ರಿಲ್‌ನಿಂದ, 26 ಅಡಿಗಿಂತ ಚಿಕ್ಕದಾದ 3 ಎಚ್‌ಪಿ ಅಥವಾ ಹೆಚ್ಚಿನ ಮೋಟಾರಿನ ದೋಣಿಗಳು ವೇಗವಾಗಿ ಸಾಗುವಾಗ ಇಂಥ ವ್ಯವಸ್ಥೆ ಬಳಸುವುದನ್ನು ಕಡ್ಡಾಯ ಮಾಡಿದೆ. ನಿಮ್ಮಲ್ಲಿ ಕಡ್ಡಾಯವಿಲ್ಲದಿದ್ದರೂ ಕಟ್ಟಿಕೊಳ್ಳಿ.

ಮುಂದೆ ದೋಣಿ ಮಾರಿದರೆ ಹೆಸರು ಬದಲಾವಣೆಯನ್ನು ಕೊಂಡವರಿಗೇ ಬಿಟ್ಟು ಕೂರಬೇಡಿ, ನೀವೇ ಕಚೇರಿಗೆ ಬರೆದು ತಿಳಿಸಿ. ಮೋಟಾರನ್ನು ಹೆಚ್ಚು ಶಕ್ತಿಯದಕ್ಕೆ ಬದಲಿಸಿದಾಗಲೂ ಅಷ್ಟೇ: ಹಳೆಯ ಎಚ್‌ಪಿ ಬರೆದ ಕಾಗದ ಹೊಸ ಮೋಟಾರಿಗೆ ಸಾಲದೆ ಹೋಗಬಹುದು, ಮೊದಲು ಬೇಡವಾಗಿದ್ದ ಲೈಸೆನ್ಸ್ ಈಗ ಬೇಕಾಗಿರಬಹುದು.